ನೀಲಿ ಮಾಸಿದ ಕಣ್ಣು

ಕಳೆದ ಮಳೆಗಾಲದ ಒಂದು ಬೆಳಿಗ್ಗೆ ನಾಲ್ಕನೆಯ ತರಗತಿಯಲ್ಲಿ ಕರಿಹಲಗೆಯ ಮೇಲೆ ಮಗ್ಗಿ ಬರೆಯುತ್ತಿದ್ದಾಗ ಹಿಂದಿನ ಸಾಲಿನಿಂದ ನಗು ಕೇಳಿಸಿತು. ಕಾರಣವನ್ನು ಕೇಳಿದೆ. “ಮಾಷ್ಟ್ರೇ, ಅರ್ಧ ಮಗ್ಗಿ ಬಿಳಿ, ಅರ್ಧ ಹಳದಿ ಬರೆದಿದ್ದೀರಿ” ಎಂದಳೊಬ್ಬ ಹುಡುಗಿ. ನಾನಾದರೋ ಎರಡನ್ನೂ ಬಿಳಿಯ ಸೀಮೆಸುಣ್ಣವೆಂದೇ ಬಗೆದಿದ್ದೆ. ಅದೇ ವಾರ ಮನೆಯಾಕೆಯ ಕಡುನೀಲಿ ಸೀರೆಯನ್ನು ಕಪ್ಪೆಂದು ಹೇಳಿ ಬೈಸಿಕೊಂಡೆ.

ಪಟ್ಟಣದ ಕಣ್ಣಿನ ವೈದ್ಯರೊಬ್ಬರು, ಬಣ್ಣದ ಚುಕ್ಕಿಗಳ ನಡುವೆ ಅಂಕಿಗಳು ಅಡಗಿರುವ ಇಷಿಹಾರಾ ಪುಸ್ತಕವನ್ನು ತೋರಿಸಿದರು. ಎಲ್ಲವನ್ನೂ ಓದಿದೆ. ದೋಷವಿಲ್ಲವೆಂದು ಕಳುಹಿಸಿಬಿಟ್ಟರು. ಆ ಪುಸ್ತಕವು ಕೆಂಪು-ಹಸಿರುಗಳ ಗೊಂದಲವನ್ನು ಹಿಡಿಯಲೆಂದು ರಚಿತವಾದುದು, ನೀಲಿಯ ದೋಷ ಅದರ ಬಲೆಗೆ ಬೀಳದು ಎಂಬುದು ನನಗೆ ಆಮೇಲೆ ತಿಳಿಯಿತು.

ಅಕ್ಷಿಪಟಲದಲ್ಲಿ ಬಣ್ಣಗಳನ್ನು ಗುರುತಿಸುವ ಶಂಕುಕೋಶಗಳು 3 ಬಗೆ. ಅವುಗಳಲ್ಲಿ ನೀಲಿಗೆ ಸ್ಪಂದಿಸುವವು ನೂರಕ್ಕೆ 10ನ್ನು ಮೀರವು. ನೋಟದ ನಟ್ಟನಡುವೆಯಂತೂ ಅವು ಇಲ್ಲವೇ ಇಲ್ಲ. ಆದುದರಿಂದ ಬಲು ಸಣ್ಣ ನೀಲಿ ಚುಕ್ಕೆಯನ್ನು ದೂರದಿಂದ ದಿಟ್ಟಿಸಿದರೆ ಯಾರ ಕಣ್ಣಿಗಾದರೂ ಅದರ ನೀಲಿ ಮಾಸುತ್ತದೆ. ವಾಚಕರು ಮನೆಯಲ್ಲೇ ಪರೀಕ್ಷಿಸಬಹುದು.

ಹುಟ್ಟಿನಿಂದಲೇ ಈ ಕೋಶಗಳು ಕೆಲಸಮಾಡದಿರುವುದಕ್ಕೆ ಟ್ರೈಟನೋಪಿಯಾ ಎಂದು ಹೆಸರು. ಅಂಥವರಿಗೆ ನೀಲಿಯು ಹಸಿರಿನಲ್ಲಿಯೂ, ಹಳದಿಯು ಬಿಳುಪಿನಲ್ಲಿಯೂ ಬೆರೆತುಹೋಗುತ್ತದೆ. ಕೆಂಪು-ಹಸಿರಿನ ಸಾಮಾನ್ಯ ದೋಷ ಎಕ್ಸ್ ವರ್ಣತಂತುವಿನದಾದ್ದರಿಂದ ಗಂಡಸರನ್ನೇ ಹೆಚ್ಚು ಕಾಡುತ್ತದೆ. ನೀಲಿಯದು 7ನೆಯ ವರ್ಣತಂತುವಿಗೆ ಸೇರಿದ್ದು. ಅದಕ್ಕೆ ಹೆಣ್ಣು ಗಂಡೆಂಬ ಭೇದವಿಲ್ಲ, ತಂದೆತಾಯಿಗಳಲ್ಲಿ ಒಬ್ಬರಿಂದ ಬಂದರೂ ಸಾಕು.

ಇಂಥ ವಿರಳರನ್ನು ಹುಡುಕಿದ ಬಗೆಯೂ ಸೊಗಸಾದುದೇ. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಡಬ್ಲ್ಯು. ಡಿ. ರೈಟ್ ಎಂಬ ವಿಜ್ಞಾನಿ ‘ಪಿಕ್ಚರ್ ಪೋಸ್ಟ್’ ಎಂಬ ಜನಪ್ರಿಯ ವಾರಪತ್ರಿಕೆಯಲ್ಲಿ ಪರೀಕ್ಷೆಯ ಬಣ್ಣದ ಚಿತ್ರವೊಂದನ್ನು ಅಚ್ಚುಹಾಕಿಸಿ, ಓದುಗರ ನಡುವಿನಿಂದಲೇ ಅವರನ್ನು ಹೆಕ್ಕಿ ತೆಗೆದರು. 1952ರ ಅವರ ವರದಿಯ ಅಂದಾಜಿನಂತೆ 13,000ದಿಂದ 65,000 ಜನರಲ್ಲಿ ಒಬ್ಬರಿಗೆ ಈ ದೋಷ. ಪ್ರಯೋಗಶಾಲೆಯೊಳಗೆ ಕುಳಿತು ಆಗದ ಕೆಲಸ ಮನೆಮನೆಗೆ ಹೋಗುವ ಪತ್ರಿಕೆಯಿಂದ ಆಯಿತು!

ನನ್ನದು ಹುಟ್ಟಿನ ದೋಷವಲ್ಲ. ಐವತ್ತು ವರ್ಷ ಹಳದಿಯನ್ನು ಹಳದಿಯಾಗಿಯೇ ಕಂಡವನು ನಾನು. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟಿ ನೀಲಿ ಬೆಳಕನ್ನು ತಡೆಯುವುದುಂಟು. ಸಿಹಿಮೂತ್ರ, ಗ್ಲಾಕೋಮಾಗಳಲ್ಲಿಯೂ ಮೊದಲು ಮಾಸುವುದು ಹೆಚ್ಚಾಗಿ ಈ ನೀಲಿಯೇ; ಸಿಹಿಮೂತ್ರದಲ್ಲಿ ಅಕ್ಷಿಪಟಲದ ಮೇಲೆ ಗಾಯದ ಗುರುತು ಮೂಡುವ ಮೊದಲೇ ಹೀಗಾಗುವುದುಂಟು. ಎರಡನೆಯ ಬಾರಿ ನೋಡಿದ ವೈದ್ಯೆ ಕಣ್ಣಿಗಿಂತ ಮೊದಲು ರಕ್ತವನ್ನು ಪರೀಕ್ಷಿಸಲು ಹೇಳಿದರು. ಬರಿಹೊಟ್ಟೆಯ ಸಕ್ಕರೆ 212 ಇತ್ತು.

ಈಗ ಮಾತ್ರೆಯೂ ಪಥ್ಯವೂ ನಡೆದಿವೆ. ಆರು ತಿಂಗಳಿಗೊಮ್ಮೆ ಕಣ್ಣಿನ ತಪಾಸಣೆ. ಸೀಮೆಸುಣ್ಣದ ಡಬ್ಬಿಯನ್ನು ಆ ಹುಡುಗಿಯ ವಶಕ್ಕೆ ಕೊಟ್ಟಿದ್ದೇನೆ. ಬೇಕಾದ ಬಣ್ಣವನ್ನು ಅವಳನ್ನು ಕೇಳಿಯೇ ತೆಗೆದುಕೊಳ್ಳುತ್ತೇನೆ.