ಚೌಕಟ್ಟಿನ ಮೂಲೆಯಲ್ಲಿದ್ದ ಕ್ಯಾಮೆರಾ

ಸಿರಿಯಾದ ಗುಡ್ಡವೊಂದರಲ್ಲಿ ಬಂದೂಕು ಹಿಡಿದ ಬಂಡುಕೋರ, ಎದುರಿನ ಗುಂಡಿನಿಂದ ತಪ್ಪಿಸಿಕೊಳ್ಳಲು ಮರೆ ಹುಡುಕುತ್ತಿದ್ದಾನೆ. 2013ರಲ್ಲಿ ನಾರ್ಸಿಸೊ ಕಾಂಟ್ರೆರಾಸ್ ತೆಗೆದ ಚಿತ್ರವಿದು. ಅದರ ಎಡ ಕೆಳಮೂಲೆಯಲ್ಲಿ ಸಹೋದ್ಯೋಗಿಯೊಬ್ಬರ ವಿಡಿಯೊ ಕ್ಯಾಮೆರಾ ಸಿಕ್ಕಿಬಿದ್ದಿತ್ತು. ನೋಡುವವರ ಕಣ್ಣು ಅತ್ತ ಹೋದೀತೆಂದು ಕಾಂಟ್ರೆರಾಸ್ ಅದನ್ನು ಅಳಿಸಿ, ಪಕ್ಕದ ನೆಲವನ್ನೇ ನಕಲು ಮಾಡಿ ಆ ಜಾಗ ತುಂಬಿದರು. ಮುಂದೆ ಅದನ್ನು ತಾವು ಕೆಲಸ ಮಾಡುತ್ತಿದ್ದ ಸುದ್ದಿಸಂಸ್ಥೆ ಅಸೋಸಿಯೇಟೆಡ್ ಪ್ರೆಸ್‌ನ (ಎಪಿ) ಸಂಪಾದಕರಿಗೆ ತಾವೇ ತಿಳಿಸಿದರು. ಸಂಸ್ಥೆ ಅವರ ಇತರ ಸುಮಾರು 500 ಚಿತ್ರಗಳನ್ನು ಜಾಲಾಡಿತು. ಒಂದರಲ್ಲೂ ತಿದ್ದುಪಡಿ ಕಾಣಲಿಲ್ಲ. ಆದರೂ 2014ರ ಜನವರಿಯಲ್ಲಿ ಅವರೊಂದಿಗಿನ ಸಂಬಂಧ ಕಡಿದುಕೊಂಡು, ಅವರ ಎಲ್ಲ ಚಿತ್ರಗಳನ್ನೂ ಮಾರಾಟದ ಸಂಗ್ರಹದಿಂದ ತೆಗೆದುಹಾಕಿತು. ಹಿಂದಿನ ವರ್ಷವಷ್ಟೇ ಪುಲಿಟ್ಜರ್ ಪಡೆದ ಐವರ ತಂಡದಲ್ಲಿ ಅವರೂ ಒಬ್ಬರಾಗಿದ್ದರು.

ಮೂಲೆಯ ಕ್ಯಾಮೆರಾಕ್ಕೆ ಇಷ್ಟು ದೊಡ್ಡ ಶಿಕ್ಷೆಯೇ ಎಂದು ಅನಿಸುವುದು ಸಹಜ. ಆದರೆ ಓದುಗರು ಸಿರಿಯಾಕ್ಕೆ ಹೋಗಿ ನೋಡಿ ಬರಲಾರರು. ಯಾವುದು ಮುಖ್ಯವಲ್ಲ ಎಂದು ತೀರ್ಮಾನಿಸಿ ಅಳಿಸುವ ಹಕ್ಕು ಒಮ್ಮೆ ಸಿಕ್ಕಿಬಿಟ್ಟರೆ, ಮುಂದಿನ ಚಿತ್ರದಿಂದ ಏನೇನು ಮಾಯವಾಗಿದೆ ಎಂದು ಕೇಳುವವರಾರು? ಎಪಿ ಮಾಡಿದ್ದೇ ಸರಿ.

ಇದಕ್ಕೂ ಹತ್ತು ವರ್ಷ ಮೊದಲು, ಇರಾಕ್ ಯುದ್ಧದಲ್ಲಿ, ಲಾಸ್ ಏಂಜಲೀಸ್ ಟೈಮ್ಸ್‌ನ ಬ್ರಯನ್ ವಾಲ್ಸ್ಕಿ ಬಸ್ರಾ ಬಳಿ ಎರಡು ಫ್ರೇಮ್‌ಗಳನ್ನು ಬೆಸೆದು ಒಂದು ಮಾಡಿದ್ದರು. ಒಂದರಲ್ಲಿ ಬ್ರಿಟಿಷ್ ಸೈನಿಕನ ಭಂಗಿ ಚೆನ್ನಾಗಿತ್ತು, ಇನ್ನೊಂದರಲ್ಲಿ ಮಗುವನ್ನೆತ್ತಿಕೊಂಡು ಬರುತ್ತಿದ್ದ ವ್ಯಕ್ತಿ. ಮೊದಲ ಪುಟದಲ್ಲಿ ಅಚ್ಚಾದ ಮೇಲೆ ಇನ್ನೊಂದು ಪತ್ರಿಕೆಯ ಸಿಬ್ಬಂದಿ ಸೂಕ್ಷ್ಮವಾಗಿ ನೋಡಿದಾಗ, ಹಿಂದೆ ಕೂತ ಕೆಲವರು ಎರಡೆರಡು ಸಲ ಕಂಡರು. ವಾಲ್ಸ್ಕಿ ಕೆಲಸ ಹೋಯಿತು.

ಹಾಗಾದರೆ ಸುದ್ದಿಚಿತ್ರವನ್ನು ಮುಟ್ಟಲೇಬಾರದೇ? ಹಾಗಲ್ಲ. ಡಾರ್ಕ್‌ರೂಮ್ ಕಾಲದಿಂದಲೂ ಕಪ್ಪಾದ ಮುಖವನ್ನು ತುಸು ಬೆಳಗಿಸುವುದು, ಅತಿಯಾಗಿ ಬಿಳಿಚಿಕೊಂಡ ಆಕಾಶವನ್ನು ಗಾಢವಾಗಿಸುವುದು, ಅಂಚು ಕತ್ತರಿಸುವುದು ನಡೆದುಬಂದಿದೆ. ಕ್ಯಾಮೆರಾ ಕಂಡದ್ದನ್ನು ಸ್ಪಷ್ಟಗೊಳಿಸಬಹುದು. ಇಲ್ಲದ್ದನ್ನು ತರುವಂತಿಲ್ಲ, ಇದ್ದುದನ್ನು ತೆಗೆಯುವಂತಿಲ್ಲ. ಆದರೆ ಬೆಳಗಿಸುವ ಕೈ ಎಲ್ಲಿ ನಿಲ್ಲಬೇಕು ಎಂಬ ಜಗಳ ಮುಗಿದಿಲ್ಲ. 2015ರ ವರ್ಲ್ಡ್ ಪ್ರೆಸ್ ಫೋಟೊ ಸ್ಪರ್ಧೆಯಲ್ಲಿ ಅಂತಿಮಕ್ಕೂ ಮುಂಚಿನ ಸುತ್ತು ತಲುಪಿದ್ದ ಪ್ರವೇಶಗಳ ಪೈಕಿ ಸುಮಾರು ಶೇ 20ರಷ್ಟು ತಿದ್ದುಪಡಿಯ ಕಾರಣಕ್ಕೆ ಹೊರಬಿದ್ದವು. ಅದೇ ವರ್ಷ ರಾಯಿಟರ್ಸ್ ತನ್ನ ಫ್ರೀಲಾನ್ಸ್ ಛಾಯಾಗ್ರಾಹಕರಿಗೆ, ರಾ ಫೈಲ್‌ನಿಂದ ಸಂಸ್ಕರಿಸಿದ್ದು ಬೇಡ, ಕ್ಯಾಮೆರಾದಲ್ಲೇ ಮೂಡಿದ ಜೆಪೆಗ್ ಕಳಿಸಿ ಎಂದು ಸೂಚಿಸಿತು.

ಕತ್ತರಿಸುವುದೂ ಸಣ್ಣ ನಿರ್ಧಾರವಲ್ಲ. 1972ರ ಜೂನ್ 8ರಂದು ವಿಯೆಟ್ನಾಮಿನ ತ್ರಾಂಗ್ ಬಾಂಗ್‌ನಲ್ಲಿ ನೇಪಾಮ್ ದಾಳಿಗೆ ಸಿಕ್ಕಿ ಬಟ್ಟೆ ಸುಟ್ಟು, ಅಳುತ್ತ ಓಡಿಬರುವ ಬಾಲೆಯ ಚಿತ್ರವನ್ನು ಜಗತ್ತು ನೋಡಿದೆ. ಪೂರ್ಣ ಫ್ರೇಮಿನ ಬಲ ಅಂಚಿನಲ್ಲಿ ಫಿಲ್ಮ್ ಬದಲಿಸಿಕೊಳ್ಳುತ್ತಿದ್ದ ಇನ್ನೊಬ್ಬ ಛಾಯಾಗ್ರಾಹಕನಿದ್ದ. ಪತ್ರಿಕೆಗಳಲ್ಲಿ ಹೆಚ್ಚಾಗಿ ಆ ಭಾಗ ಉಳಿಯಲಿಲ್ಲ. ನಗ್ನ ಚಿತ್ರ ಕಳಿಸಬಾರದೆಂಬ ತನ್ನ ನಿಯಮವನ್ನು ಎಪಿ ಅಂದು ಸಡಿಲಿಸಿದ್ದು ಸೈಗಾನ್‌ನಲ್ಲಿದ್ದ ಸಂಪಾದಕ ಹಾರ್ಸ್ಟ್ ಫಾಸ್ ಪಟ್ಟುಹಿಡಿದಿದ್ದರಿಂದ. ಚಿತ್ರ ತೆಗೆದವರೆಂದು ಹೆಸರಾದ ಎಪಿಯ ನಿಕ್ ಉಟ್ ಆ ಹುಡುಗಿಯನ್ನು ಆಸ್ಪತ್ರೆಗೆ ಸೇರಿಸಿದರು. ಆದರೆ ಚಿತ್ರ ತೆಗೆದವರು ಬೇರೊಬ್ಬ ಸ್ಥಳೀಯ ಛಾಯಾಗ್ರಾಹಕರು ಎಂಬ ವಾದ ಈಗ ಎದ್ದಿದೆ. 2025ರಲ್ಲಿ ವರ್ಲ್ಡ್ ಪ್ರೆಸ್ ಫೋಟೊ ಉಟ್ ಹೆಸರನ್ನು ಅಮಾನತಿನಲ್ಲಿಟ್ಟಿತು. ಹೆಸರು ಬದಲಿಸುವಷ್ಟು ಪುರಾವೆ ಇಲ್ಲವೆಂದು ಎಪಿ ಅದನ್ನೇ ಉಳಿಸಿಕೊಂಡಿದೆ. ಸ್ಥಳೀಯ ಫ್ರೀಲಾನ್ಸರ್‌ಗಳ ದುಡಿಮೆಗೆ ಯಾರ ಹೆಸರು ಬೀಳುತ್ತದೆ ಎಂಬ ಹಳೆಯ ಪ್ರಶ್ನೆಗೆ ಈ ವಿವಾದ ಮತ್ತೆ ಜೀವ ಕೊಟ್ಟಿದೆ.

ಚೌಕಟ್ಟಿನೊಳಗೆ ಸಿಕ್ಕವರ ಮಾತೇನು? ಭೋಪಾಲದಲ್ಲಿ 1984ರ ಡಿಸೆಂಬರ್‌ನ ಅನಿಲ ದುರಂತದ ಬಳಿಕ ರಘು ರಾಯ್ ಕಪ್ಪುಬಿಳುಪಿನಲ್ಲಿ, ಪಾಬ್ಲೊ ಬಾರ್ತಲೋಮ್ಯು ಬಣ್ಣದಲ್ಲಿ ಒಂದೇ ಮಗುವನ್ನು ಮಣ್ಣು ಮಾಡುವ ಗಳಿಗೆಯನ್ನು ಸೆರೆಹಿಡಿದರು: ತೆರೆದೇ ಇರುವ ಕಣ್ಣು, ಕುತ್ತಿಗೆಯವರೆಗೆ ಮಣ್ಣು, ಪಕ್ಕದಲ್ಲಿ ಒಂದು ಕೈ. ಆ ಮಗು ಯಾರದೆಂದು ಇಂದಿಗೂ ಗೊತ್ತಾಗಿಲ್ಲ. 2002ರ ಗಲಭೆಯ ವೇಳೆ ಅಹಮದಾಬಾದ್‌ನಲ್ಲಿ ರಾಯಿಟರ್ಸ್‌ನ ಅರ್ಕೊ ದತ್ತ ತೆಗೆದ, ಕೈಮುಗಿದು ಕಣ್ಣೀರಿಡುವ ದರ್ಜಿಯ ಚಿತ್ರದ ಕಥೆ ಬೇರೆ. ಚಿತ್ರ ಗಲಭೆಯ ಗುರುತಾಯಿತು. ಆ ದರ್ಜಿ ಊರು ಬಿಟ್ಟು ಕೆಲಕಾಲ ಕೋಲ್ಕತ್ತದಲ್ಲಿ ಬದುಕಿದರು, ರಾಜಕೀಯ ಪ್ರಚಾರಕ್ಕೆ ತಮ್ಮ ಮುಖ ಬಳಸಬೇಡಿ ಎಂದು ಮತ್ತೆ ಮತ್ತೆ ಕೇಳಿಕೊಂಡರು. ದತ್ತ ಸುಳ್ಳೇನೂ ತೋರಿಸಿರಲಿಲ್ಲ. ನಿಜವಾದ ಚಿತ್ರವೂ ಒಬ್ಬರ ಬದುಕಿಗೆ ಹೊರೆಯಾಗಬಲ್ಲದು. ನಮ್ಮ ಕಾನೂನಿನ ರಕ್ಷಣೆ ಕೆಲವರಿಗಷ್ಟೇ: ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಲೈಂಗಿಕ ದೌರ್ಜನ್ಯದ ಸಂತ್ರಸ್ತ ಮಗುವಿನ ಗುರುತು ಬಯಲು ಮಾಡುವುದನ್ನು ತಡೆಯುತ್ತದೆ. ಉಳಿದವರ ಮಾನ ಛಾಯಾಗ್ರಾಹಕನ ವಿವೇಕಕ್ಕೆ ಬಿಟ್ಟದ್ದು.

ಆ ವಿವೇಕ ಹೇಗಿರುತ್ತದೆಂದು ನೋಡಲು ಮೈಸೂರಿನ ಟಿ.ಎಸ್. ಸತ್ಯನ್ (1923–2009) ಅವರ ಚಿತ್ರಗಳನ್ನು ತೆರೆಯಬೇಕು. ವಿಶ್ವ ಆರೋಗ್ಯ ಸಂಸ್ಥೆಗಾಗಿ ಸಿಡುಬು ನಿರ್ಮೂಲನೆಯ ಕೆಲಸವನ್ನೂ ಯುನಿಸೆಫ್‌ಗಾಗಿ ಮಕ್ಕಳ ಬದುಕನ್ನೂ ಚಿತ್ರಿಸಿದ ಅವರ ಕ್ಯಾಮೆರಾ, ಬಡವರನ್ನು ಬರೀ ಬಡತನವಾಗಿ ನೋಡಲಿಲ್ಲ. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ನ್ಯೂಯಾರ್ಕ್‌ನ ವಿಶ್ವಸಂಸ್ಥೆಯಲ್ಲಿ ಅವರ ಚಿತ್ರಗಳ ಪ್ರದರ್ಶನ ನಡೆಯಿತು.

ಈಗ ಯಂತ್ರವೇ ಚಿತ್ರ ಹುಟ್ಟಿಸಬಲ್ಲ ಕಾಲ. ಇದಕ್ಕೆದುರಾಗಿ 2023ರಲ್ಲಿ ಬಂದ ಲೈಕಾ ಎಂ11-ಪಿ ಕ್ಯಾಮೆರಾ, ಕ್ಲಿಕ್ಕಿಸಿದ ಕ್ಷಣವೇ ಚಿತ್ರಕ್ಕೆ ಡಿಜಿಟಲ್ ಸಹಿ ಹಾಕುತ್ತದೆ. ನಂತರದ ತಿದ್ದುಪಡಿಗಳ ಜಾಡನ್ನೂ ಅದರ ಜೊತೆ ಇಡಬಹುದು. ಒಳ್ಳೆಯ ಹೆಜ್ಜೆಯೇ. ಆದರೆ ತಾಲ್ಲೂಕಿನ ವರದಿಗಾರ ಮೊಬೈಲಿನಲ್ಲಿ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಫೋಟೊ ಡೆಸ್ಕ್ ತಲುಪುವಷ್ಟರಲ್ಲಿ, ತೆಗೆದ ಹೊತ್ತು, ಜಾಗದ ಮಾಹಿತಿ ಫೈಲ್‌ನಿಂದ ಕಳಚಿಹೋಗಿರುತ್ತದೆ. ಅಲ್ಲಿ ಕೂತ ಉಪಸಂಪಾದಕ ಫೋನೆತ್ತಿ ಕೇಳಲೇಬೇಕು: ಇದು ಯಾವ ಊರು, ಇಂದಿನದೋ ಹೋದ ವರ್ಷದ ಮಳೆಯದೋ, ತೆಗೆದದ್ದು ನೀವೋ ಅಥವಾ ಯಾರೋ ಕಳಿಸಿದ್ದೋ, ಚಿತ್ರದಲ್ಲಿರುವ ಹೆಂಗಸಿಗೆ ಇದು ಅಚ್ಚಾಗುತ್ತದೆಂದು ಗೊತ್ತೋ?