ಅಪ್ಪ ಕೇಳಿದ್ದು ಲೆನ್ಸನ್ನಲ್ಲ, ಬಟ್ಟೆಯನ್ನ!

ನಮ್ಮನೆಯ ಒಗೆಯೋ ಬಟ್ಟೆ ಬುಟ್ಟಿಗೆ ಒಂದು ಸಂವಿಧಾನ ಇದೆ. ಬಿಳಿ ಬೇರೆ, ಬಣ್ಣದ್ದು ಬೇರೆ. ಜೀನ್ಸನ್ನು ಒಳಗು ಹೊರಗು ಮಾಡಿ ಹಾಕಬೇಕು. ಕಾಲುಚೀಲ ಜೋಡಿಯಾಗಿಯೇ ಬರಬೇಕು, ವಿಧುರ ಕಾಲುಚೀಲಗಳಿಗೆ ಪ್ರವೇಶವಿಲ್ಲ. ಇದನ್ನು ಬರೆದವಳು ನನ್ನ ಹೆಂಡತಿ. ಇಷ್ಟು ವರ್ಷಗಳಲ್ಲಿ ನನ್ನ ಕಡೆಯಿಂದ ಅದಕ್ಕೆ ಆಗಿರುವುದು ಒಂದೇ ಒಂದು ತಿದ್ದುಪಡಿ: "ಅಂಗೈ ಅಗಲದ ಬೂದು ಬಣ್ಣದ ಬಟ್ಟೆ ಎಲ್ಲೇ ಸಿಕ್ಕರೂ ಯಾರೂ ಮುಟ್ಟತಕ್ಕದ್ದಲ್ಲ, ವಾಷಿಂಗ್ ಮೆಷಿನ್ನಿಗಂತೂ ಹಾಕತಕ್ಕದ್ದಲ್ಲ."

ಕ್ಯಾಮೆರಾ ಲೆನ್ಸ್ ಒರೆಸುವ ಬಟ್ಟೆಗೆ ಇಷ್ಟೊಂದು ಮರ್ಯಾದೆನಾ ಅಂತ ನೀವು ನಗಬಹುದು. ನಾನೂ ನಗುತ್ತಿದ್ದೆ. ಆ ನಗುವಿಗೆ ನಾನು ಕೊಟ್ಟ ಬೆಲೆ ನಮ್ಮಪ್ಪನ ಲೆನ್ಸು.

ಒಂದು ಲೆನ್ಸಿನ ಕಥೆ

ಅಪ್ಪ ಸಾಗರದಲ್ಲಿ ಒಂದು ಸಣ್ಣ ಫೋಟೊ ಸ್ಟುಡಿಯೊ ಇಟ್ಟಿದ್ದರು. ಪಾಸ್‌ಪೋರ್ಟ್ ಸೈಜು, ಮದುವೆ, ಉಪನಯನ, ಶಾಲೆಯ ಗ್ರೂಪ್ ಫೋಟೊ. ಡಿಜಿಟಲ್ ಬಂತು, ಆಮೇಲೆ ಎಲ್ಲರ ಜೇಬಿಗೂ ಮೊಬೈಲ್ ಬಂತು, ಸ್ಟುಡಿಯೊ ಬಾಗಿಲು ಹಾಕಿತು. ಲೈಟು, ಸ್ಟ್ಯಾಂಡು, ಪರದೆ ಎಲ್ಲ ಮಾರಿದ ಅಪ್ಪ ಒಂದು 50 ಎಂಎಂ ಲೆನ್ಸನ್ನು ಮಾತ್ರ ಇಟ್ಟುಕೊಂಡರು. ನಾನು ಬೆಂಗಳೂರಲ್ಲಿ ಕೆಲಸಕ್ಕೆ ಸೇರಿ, ಇಎಂಐನಲ್ಲಿ ಮಿರರ್‌ಲೆಸ್ ಕ್ಯಾಮೆರಾ ತಗೊಂಡಾಗ ಅದನ್ನು ನನ್ನ ಕೈಗಿಟ್ಟರು. "ಅಡಾಪ್ಟರ್ ಹಾಕಿದ್ರೆ ಕೂರತ್ತಂತಲ್ಲ, ನೋಡು" ಅಂದರು. ಅಷ್ಟೇ. ನಮ್ಮಪ್ಪ ಭಾಷಣ ಮಾಡೋ ಜಾತಿಯವರಲ್ಲ.

ಆಮೇಲೆ ಒಂದು ಡಿಸೆಂಬರ್‌ನಲ್ಲಿ ಗೆಳೆಯರ ಜೊತೆ ಗೋಕರ್ಣ. ಓಂ ಬೀಚಿನಲ್ಲಿ ಸೂರ್ಯ ಇನ್ನೇನು ಮುಳುಗಬೇಕು. ಲೆನ್ಸಿನ ಮೇಲೆ ಅಲೆಯ ತುಂತುರು ಬಿದ್ದಿತ್ತು. ನಾನು ಜೀನ್ಸ್ ಜೇಬಿಗೆ ಕೈ ಹಾಕಿ, ಚಿಲ್ಲರೆ ಕಾಸು, ಬೈಕಿನ ಕೀ, ಅರ್ಧ ಶೇಂಗಾ ಚಿಕ್ಕಿಯ ಮಧ್ಯದಿಂದ ಬಟ್ಟೆ ಎಳೆದು, ಗಸಗಸ ಒರೆಸಿದೆ. 'ಕರ್' ಅಂತ ಒಂದು ಸಣ್ಣ ಸದ್ದು. ಆ ಸದ್ದು ಕೇಳಿದವರಿಗೆ ಗೊತ್ತು, ಅದು ಕಿವಿಗೆ ಕೇಳೋದಲ್ಲ, ಹೊಟ್ಟೆಗೆ.

ಮೊಬೈಲಿನ ಟಾರ್ಚ್ ಹಾಕಿ ನೋಡಿದರೆ ಗಾಜಿನ ಮೇಲೆ ಅರ್ಧಚಂದ್ರನ ಹಾಗೆ ಒಂದು ಗೀರು.

ತಪ್ಪು ಯಾರದು?

ಬಟ್ಟೆ ಗಾಜನ್ನು ಗೀರುವುದಿಲ್ಲ. ಗೀರುವುದು ಬಟ್ಟೆಯೊಳಗೆ ಕೂತಿರುವ ಮರಳು. ಸಾಮಾನ್ಯ ಮರಳಿನಲ್ಲಿ ಹೆಚ್ಚಾಗಿರುವುದು ಸ್ಫಟಿಕಶಿಲೆಯ ಕಣ. ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಅದು 7. ಸಾಮಾನ್ಯ ಗಾಜು 5.5ರ ಆಸುಪಾಸು. ಅಂದರೆ ಒಂದು ಕಣ ಮರಳು ಸಿಕ್ಕಿಕೊಂಡ ಬಟ್ಟೆ ಅಂದರೆ ಮೆತ್ತಗಿನ ಉಪ್ಪುಕಾಗದ, ಅಷ್ಟೇ.

ಲೆನ್ಸಿನ ಮೇಲೆ ಬರೀ ಗಾಜು ಇರುವುದೂ ಇಲ್ಲ. ಲೇಪನ ಇಲ್ಲದ ಗಾಜಿನ ಪ್ರತಿಯೊಂದು ಮೈ ಬೆಳಕಿನಲ್ಲಿ ಶೇ 4ರಷ್ಟನ್ನು ವಾಪಸ್ ಕಳಿಸುತ್ತದೆ. ಒಂದು ಲೆನ್ಸಿನೊಳಗೆ ಐದಾರು ಗಾಜುಗಳಿದ್ದರೆ ನಷ್ಟ ಎಷ್ಟು, ಲೆಕ್ಕ ಹಾಕಿ. 1935ರಲ್ಲಿ ಜರ್ಮನಿಯ ಝೈಸ್ ಕಂಪನಿಯಲ್ಲಿದ್ದ ಅಲೆಕ್ಸಾಂಡರ್ ಸ್ಮಕುಲಾ ಇದಕ್ಕೊಂದು ಪರಿಹಾರ ಕಂಡುಹಿಡಿದ: ಗಾಜಿನ ಮೇಲೆ ಅತಿ ತೆಳುವಾದ ಪ್ರತಿಫಲನ ನಿರೋಧಕ ಲೇಪನ. ಇಂಥ ಒಂದು ಪದರದ ದಪ್ಪ ಸುಮಾರು ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಭಾಗ. ಲೆನ್ಸಿನ ಮೇಲೆ ಕಾಣುವ ನೇರಳೆ, ಹಸಿರು ಹೊಳಪು ಈ ಲೇಪನದ್ದೇ. ನಾನು ಗೋಕರ್ಣದಲ್ಲಿ ಗಸಗಸ ತಿಕ್ಕಿದ್ದು ಅದರ ಮೇಲೆ.

ಹೊಸ ಕಣ್ಣು, ಹಳೇ ಗೀರು

ಸುಮಾರು ಒಂದು ವರ್ಷ ನಾನು ಈ ವಿಷಯ ಮನೆಯಲ್ಲಿ ಬಾಯಿ ಬಿಡಲಿಲ್ಲ. ಅಪ್ಪ ಕೇಳಿದಾಗಲೆಲ್ಲ "ಲೆನ್ಸ್ ಸೂಪರ್ ಅಪ್ಪ" ಅಂತಿದ್ದೆ. ಊರಿಗೆ ಹೋಗುವಾಗ ಬೇರೆ ಲೆನ್ಸ್ ಒಯ್ಯುತ್ತಿದ್ದೆ. ಅಪ್ಪನಿಗೆ ಕಣ್ಣಲ್ಲಿ ಪೊರೆ ಬಂದಿದ್ದರಿಂದ, ತೋರಿಸಿದರೂ ಕಾಣಲಿಕ್ಕಿಲ್ಲ ಅನ್ನೋ ಒಂದು ನೀಚ ಧೈರ್ಯವೂ ಒಳಗಿತ್ತು.

ಆದರೆ ಪೊರೆ ತೆಗೆಸಲು ಅಪ್ಪ ನಮ್ಮನೆಗೇ ಬಂದರು! ಎರಡೂ ಕಣ್ಣಿಗೆ ಒಂದರ ನಂತರ ಒಂದು ಆಪರೇಷನ್ ಆಯಿತು. ಒಳಗೆ ಹೊಸ ಲೆನ್ಸು. ಒಂದು ತಿಂಗಳಲ್ಲಿ ಎದುರು ಕಟ್ಟಡದ ನಾಲ್ಕನೇ ಮಹಡಿಯಲ್ಲಿ ಒಣಗಿಸಿದ್ದ ಸೀರೆಯ ಅಂಚಿನ ಡಿಸೈನು ಹೇಳತೊಡಗಿದರು. ಇನ್ನು ನನ್ನ ಕಥೆ ಮುಗೀತು ಅಂದುಕೊಂಡೆ.

ಒಂದು ಭಾನುವಾರ ಕಾಫಿ ಕುಡಿದು "ಆ ಲೆನ್ಸ್ ತಗೊಂಬಾ" ಅಂದರು. ತಂದುಕೊಟ್ಟೆ. ಕಿಟಕಿಯ ಬೆಳಕಿಗೆ ಹಿಡಿದು, ಸ್ವಲ್ಪ ಓರೆ ಮಾಡಿದರು. ಎರಡು ಸೆಕೆಂಡ್ ಸಾಕಾಯಿತು.

ನಾನು ಬೈಗುಳಕ್ಕೆ ರೆಡಿಯಾದೆ. ಅಪ್ಪ ಲೆನ್ಸನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, "ಬಟ್ಟೆ ಕೊಡು" ಅಂದರು.

"ಯಾವ ಬಟ್ಟೆ?"

"ಒರೆಸಿದ್ದು."

ಬಟ್ಟೆಯನ್ನೂ ಬೆಳಕಿಗೆ ಹಿಡಿದರು. ಆಮೇಲೆ ಶುರುವಾಯಿತು ವಿಚಾರಣೆ. ಎಲ್ಲಿಡ್ತೀಯ? ಜೇಬಲ್ಲಿ. ಒಗೆದಿದ್ದು ಯಾವಾಗ? ಒಂದು ಸಲ. ಹೇಗೆ? ಟವೆಲ್ ಜೊತೆ ಮೆಷಿನ್ನಿಗೆ ಹಾಕಿ, ಘಮಘಮ ಅನ್ನೋ ಫ್ಯಾಬ್ರಿಕ್ ಸಾಫ್ಟನರ್ ಹಾಕಿ. ಅಪ್ಪ ಬಟ್ಟೆ ಮೂಸಿ ನೋಡಿದರು. "ಮಲ್ಲಿಗೆ ವಾಸನೆ ಬರ್ತಾ ಇದೆ. ಲೆನ್ಸಿಗೆ ಮುಡಿಸ್ಬೇಕಿತ್ತಾ?" ಅಂದರು. ಅಡುಗೆಮನೆಯಿಂದ ನನ್ನ ಹೆಂಡತಿ ನಕ್ಕಿದ್ದು ಹಾಲಿಗೇ ಕೇಳಿಸಿತು.

ಇದು ಸಾಮಾನ್ಯ ಬಟ್ಟೆ ಅಲ್ಲ

ಲೆನ್ಸ್ ಒರೆಸೋ ಮೈಕ್ರೋಫೈಬರ್ ಬಟ್ಟೆ ಸಾಮಾನ್ಯವಾಗಿ ಪಾಲಿಯೆಸ್ಟರ್ ಮತ್ತು ನೈಲಾನ್ ಜಾತಿಯ ಪಾಲಿಅಮೈಡ್ ಸೇರಿಸಿ ಮಾಡಿದ್ದು. 9,000 ಮೀಟರ್ ಉದ್ದದ ಎಳೆ ಒಂದು ಗ್ರಾಂ ತೂಗಿದರೆ ಅದು ಒಂದು ಡೆನಿಯರ್. ಮೈಕ್ರೋಫೈಬರ್ ಎಳೆ ಅದಕ್ಕಿಂತಲೂ ಸಣ್ಣದು, ತಲೆಕೂದಲಿಗಿಂತ ಎಷ್ಟೋ ಪಟ್ಟು ತೆಳು. ಜಪಾನಿನ ಟೋರೇ ಕಂಪನಿಯ ಮಿಯೋಶಿ ಒಕಮೊಟೊ 1970ರಲ್ಲಿ ಇಂಥ ಅತಿಸಣ್ಣ ಎಳೆಗಳಿಂದ ಕೃತಕ ಸ್ಯೂಡ್ ಚರ್ಮ ತಯಾರಿಸಿದಾಗಿನಿಂದ ಇವುಗಳ ಬಳಕೆ ಹಬ್ಬಿತು.

ಒಳ್ಳೆಯ ಬಟ್ಟೆಯಲ್ಲಿ ಪ್ರತಿ ಎಳೆಯನ್ನೂ ಕಿತ್ತಳೆ ತೊಳೆಗಳ ಹಾಗೆ ಸೀಳಿರುತ್ತಾರೆ. ಆ ಸಂದುಗಳೇ ಬೆರಳಿನ ಎಣ್ಣೆ ಜಿಡ್ಡನ್ನು, ಧೂಳನ್ನು ಹೀರಿ ಹಿಡಿದಿಟ್ಟುಕೊಳ್ಳುವುದು. ಗುಣವೂ ಅದೇ, ದೋಷವೂ ಅದೇ. ಹಿಡಿದದ್ದನ್ನು ಅದು ಸುಲಭಕ್ಕೆ ಬಿಡುವುದಿಲ್ಲ, ಥೇಟ್ ನಮ್ಮ ನೆಂಟರ ಹಾಗೆ. ಸಾಫ್ಟನರ್ ಹಾಕಿದರೆ ಅದರ ಜಿಡ್ಡಿನ ಪದರ ಸಂದುಗಳನ್ನೇ ಮುಚ್ಚುತ್ತದೆ. ಆಮೇಲೆ ಒರೆಸಿದರೆ ಕೊಳೆ ಹೋಗುವುದಿಲ್ಲ, ಲೆನ್ಸಿನ ತುಂಬ ಸಮಾನವಾಗಿ ಹಂಚಿಕೆಯಾಗುತ್ತದೆ. ಹತ್ತಿ ಟವೆಲ್ ಜೊತೆ ಹಾಕಿದರೆ ಅದರ ನಾರು ಇದಕ್ಕೆ ಅಂಟುತ್ತದೆ.

ಇದೆಲ್ಲ ಅಪ್ಪನಿಗೆ ವಿವರಿಸಿದೆ. ಅವರ ಕಾಲದಲ್ಲಿ ಇದ್ದದ್ದು ಹತ್ತಾರು ಸಲ ಒಗೆದು ಮೆತ್ತಗಾದ ಮಲ್ ಬಟ್ಟೆ, ಲೆನ್ಸ್ ಟಿಶ್ಯೂ, ರಬ್ಬರ್ ಬುರುಡೆ. ಎಲ್ಲ ಕೇಳಿ ಹೇಳಿದ್ದು ಒಂದೇ ಮಾತು: "ಬಟ್ಟೆ ಯಾವ್ದಾದ್ರೂ ಮರಳು ಅದೇ ಕಣೋ."

ಬಟ್ಟೆಗೆ ಅಭ್ಯಂಜನ

ಅವತ್ತು ಬಚ್ಚಲಲ್ಲಿ ಸ್ಟೂಲ್ ಹಾಕಿಕೊಂಡು ಕೂತ ಅಪ್ಪ, ಎದುರಿಗೆ ನಾನು. ಇಬ್ಬರೂ ಸೇರಿ ಒಂದು ಅಂಗೈ ಬಟ್ಟೆ ಒಗೆದೆವು. ಕ್ರಮ ಹೀಗೆ:

* ಮೊದಲು ಹೊರಗೆ ಹೋಗಿ ಚೆನ್ನಾಗಿ ಕೊಡವಿ. ಒಣ ಧೂಳು ನೀರಿಗೆ ಬೀಳುವ ಮುಂಚೆಯೇ ಹೋಗಲಿ.
* ಒಂದು ಶುದ್ಧ ಬಟ್ಟಲಲ್ಲಿ ಉಗುರುಬೆಚ್ಚಗಿನ ನೀರು. ಅದಕ್ಕೆ ಒಂದೆರಡು ಹನಿ ಸೌಮ್ಯವಾದ ದ್ರವ ಸೋಪು. ಸುವಾಸನೆ, ಕ್ರೀಮು, ಮಾಯಿಶ್ಚರೈಸರ್ ಇರುವುದು ಬೇಡ. ಬ್ಲೀಚ್ ಬೇಡವೇ ಬೇಡ.
* ಹತ್ತು ನಿಮಿಷ ನೆನೆಸಿ, ಬೆರಳಲ್ಲಿ ಮೆತ್ತಗೆ ಹಿಸುಕಿ. ಬ್ರಷ್ ಹಾಕಿ ಉಜ್ಜಬೇಡಿ, ಕಲ್ಲಿಗೆ ಕುಕ್ಕಬೇಡಿ.
* ನೊರೆ ಪೂರ್ತಿ ಹೋಗುವ ತನಕ ಜಾಲಿಸಿ. ಬೋರ್‌ವೆಲ್ಲಿನ ಗಡಸು ನೀರಾದರೆ ಅದರ ಲವಣ ಬಟ್ಟೆಯಲ್ಲೇ ಉಳಿಯಬಹುದು. ಕೊನೆಯ ಸಲಕ್ಕೆ ಕುಡಿಯುವ ಫಿಲ್ಟರ್ ನೀರು ಒಂದು ಲೋಟ ಸಾಕು.
* ಹಿಂಡಬೇಡಿ, ಅಂಗೈಗಳ ನಡುವೆ ಒತ್ತಿ ನೀರು ತೆಗೆಯಿರಿ.
* ಮನೆಯೊಳಗೆ, ನೆರಳಲ್ಲಿ ಒಣಗಿಸಿ. ಟೆರೇಸ್ ಬೇಡ. ಬೆಂಗಳೂರಲ್ಲಿ ಪ್ರತಿ ಮನೆಯ ಪಕ್ಕದಲ್ಲೂ ಇನ್ನೊಂದು ಮನೆ ಕಟ್ಟುತ್ತಾ ಇರುತ್ತಾರೆ, ಅವರ ಎಂ-ಸ್ಯಾಂಡ್ ನಿಮ್ಮ ಬಟ್ಟೆಗೇ ಬಂದು ಕೂರುತ್ತದೆ.
* ಇಸ್ತ್ರಿ ಹಾಕಬೇಡಿ. ಪ್ಲಾಸ್ಟಿಕ್ ಎಳೆ ಸ್ವಾಮಿ, ಬಿಸಿಗೆ ಕರಗಿ ಗಟ್ಟಿಯಾಗುತ್ತದೆ.

ಒಣಗಿದ ಮೇಲೆ ಸೀದಾ ಲೆನ್ಸಿಗೆ ಒಯ್ಯಬೇಡಿ. ಮೊದಲು ಒಂದು ಗಾಜಿನ ಲೋಟ ಒರೆಸಿ, ಬೆಳಕಿಗೆ ಹಿಡಿಯಿರಿ. ಪಟ್ಟೆಪಟ್ಟೆ ಮಸುಕು ಕಂಡರೆ ಸೋಪು ಉಳಿದಿದೆ ಅಂತ. ಇನ್ನೊಮ್ಮೆ ಜಾಲಿಸಿ.

ಬಡ್ತಿ ಇಲ್ಲ, ಹಿಂಬಡ್ತಿ ಮಾತ್ರ

ಈಗ ನನ್ನ ಹತ್ತಿರ ನಾಲ್ಕು ಬಟ್ಟೆಗಳಿವೆ. ಬೂದು ಬಣ್ಣದ್ದು ಲೆನ್ಸಿಗೆ ಮಾತ್ರ, ಜಿಪ್ ಇರುವ ಪುಟ್ಟ ಕವರಿನಲ್ಲಿ ವಾಸ. ನೀಲಿ ಕ್ಯಾಮೆರಾ ಮೈಗೆ ಮತ್ತು ಬೆವರಿದ ಕೈಗೆ. ಇನ್ನೆರಡು ರಿಸರ್ವ್. ಬೂದು ಬಟ್ಟೆ ಒಮ್ಮೆ ನೆಲಕ್ಕೆ ಬಿದ್ದರೆ ಆ ದಿನಕ್ಕೆ ಸಸ್ಪೆಂಡ್, ಒಗೆದ ಮೇಲೆ ಮರುನೇಮಕ. ಮರಳು, ಗ್ರೀಸ್ ತಗುಲಿದರೆ ಹಿಂಬಡ್ತಿ: ಮೊದಲು ಲ್ಯಾಪ್‌ಟಾಪ್ ಮುಚ್ಚಳಕ್ಕೆ, ಅಲ್ಲಿಂದ ಬೈಕಿನ ಸೀಟಿಗೆ. ಬೈಕಿಗೆ ಹೋದವರು ಮರಳಿ ಬಂದ ಇತಿಹಾಸ ಇಲ್ಲ.

ಬಟ್ಟೆ ಎಷ್ಟೇ ಶುದ್ಧವಾಗಿದ್ದರೂ ಅದು ಕೊನೆಯ ಅಸ್ತ್ರ ಅಂತ ನೆನಪಿರಲಿ. ಮೊದಲು ರಬ್ಬರ್ ಬ್ಲೋಯರ್‌ನಿಂದ ಗಾಳಿ ಹೊಡೆಯಿರಿ. ಬಾಯಲ್ಲಿ ಊದಬೇಡಿ, ಗಾಳಿ ಜೊತೆ ಎಂಜಲೂ ಹೋಗುತ್ತದೆ. ಆಮೇಲೆ ಮೆತ್ತಗಿನ ಬ್ರಷ್. ಆಗಲೂ ಜಿಡ್ಡು ಉಳಿದಿದ್ದರೆ ಲೆನ್ಸ್ ದ್ರಾವಣದ ಒಂದು ಹನಿಯನ್ನು ಬಟ್ಟೆಗೆ ಹಾಕಿ. ಲೆನ್ಸಿಗೇ ಹಾಕಿದರೆ ಅಂಚಿನಿಂದ ಒಳಗೆ ಇಳಿಯಬಹುದು. ನಡುವಿನಿಂದ ಹೊರಗೆ, ಸುತ್ತು ಸುತ್ತಾಗಿ, ಒತ್ತಡ ಇಲ್ಲದೆ ಒರೆಸಿ. ಮಳೆಗಾಲದಲ್ಲಿ, ಅದೂ ಮಲೆನಾಡು ಕರಾವಳಿಯಲ್ಲಿ, ಒದ್ದೆ ಬಟ್ಟೆಯನ್ನು ಕ್ಯಾಮೆರಾ ಬ್ಯಾಗಿಗೆ ತುರುಕಬೇಡಿ. ತೇವ ಕೂತರೆ ಲೆನ್ಸಿಗೆ ಫಂಗಸ್ ಬರುತ್ತದೆ, ಅದು ಗೀರಿಗಿಂತ ದೊಡ್ಡ ತಲೆನೋವು.

"ನನ್ನ ಹತ್ರ ಕ್ಯಾಮೆರಾನೇ ಇಲ್ಲ, ಮೊಬೈಲ್ ಮಾತ್ರ" ಅನ್ನುವವರೇ, ಇದನ್ನು ಓದುತ್ತಿರುವ ಫೋನನ್ನೇ ಒಮ್ಮೆ ತಿರುಗಿಸಿ ನೋಡಿ. ಕ್ಯಾಮೆರಾ ಮೇಲೆ ಬೆರಳಚ್ಚು ಕಾಣಿಸ್ತಾ? ರಾತ್ರಿ ಫೋಟೊದಲ್ಲಿ ಬೀದಿದೀಪಗಳಿಗೆ ಉದ್ದುದ್ದ ಬಾಲ ಬರುವುದು ಎಷ್ಟೋ ಸಲ ಅದರಿಂದಲೇ. ಹೊಸ ಫೋನಿಗೆ ಸೇವಿಂಗ್ಸ್ ಖಾಲಿ ಮಾಡುವ ಮುಂಚೆ ಒಮ್ಮೆ ಒರೆಸಿ ನೋಡಿ. ಟೀ ಶರ್ಟ್ ತುದಿಯಲ್ಲಿ ಅಲ್ಲ!

ಕೊನೆಗೊಂದು ಗೀರು

ಬಟ್ಟೆ ಒಣಗಲು ಹಾಕಿ ಬಂದ ಮೇಲೆ ನಾನೇ ಬಾಯಿಬಿಟ್ಟೆ. "ಸಾರಿ ಅಪ್ಪ. ಗೊತ್ತಿತ್ತು, ಹೇಳ್ಲಿಲ್ಲ."

ಅಪ್ಪ ಲೆನ್ಸನ್ನು ಮತ್ತೆ ಎತ್ತಿಕೊಂಡು, ಬೆಳಕಿಗೆ ಹಿಡಿದು, ಅಂಚಿನ ಹತ್ತಿರ ಬೆರಳು ತೋರಿಸಿದರು. "ಇಲ್ನೋಡು." ಕಣ್ಣು ಕಿರಿದು ಮಾಡಿ ನೋಡಿದೆ. ಕೂದಲೆಳೆಯಂಥ ಒಂದು ಹಳೇ ಗೀರು. ಇಷ್ಟು ವರ್ಷ ನನ್ನ ಕೈಯಲ್ಲೇ ಇದ್ದರೂ ನಾನು ನೋಡಿರಲಿಲ್ಲ.

"ಅದು ನಂದು. ಒಂದು ಮದ್ವೇಲಿ, ದಿಬ್ಬಣ ಬಂದಾಗಿತ್ತು. ಅವಸರಕ್ಕೆ ಪಂಚೇಲಿ ಒರೆಸ್ಬಿಟ್ಟೆ. ಲೆನ್ಸಿಗೆ ದುಡ್ಡು ಕೊಟ್ಟಿದ್ದು ನಿನ್ನಜ್ಜ. ಅವರು ಇರೋ ತನಕ ಹೇಳ್ಲಿಲ್ಲ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಫೋಟೊದಲ್ಲಿ ಏನೂ ಕಾಣಲ್ಲ. ಸೂರ್ಯನಿಗೆ ಎದುರು ಹಿಡಿದ್ರೆ ಮಾತ್ರ ಸ್ವಲ್ಪ ಚದುರತ್ತೆ. ಹಿಡೀಬೇಡ" ಅಂದರು.

ಹೌದು, ಮುಂದಿನ ಗಾಜಿನ ಮೇಲಿನ ಸಣ್ಣ ಗೀರು ಫೋಕಸ್ಸಿಗೆ ಬರುವುದೇ ಇಲ್ಲ. ಎದುರಿನಿಂದ ಜೋರು ಬೆಳಕು ಬಿದ್ದಾಗ ಮಾತ್ರ ಅದು ತನ್ನ ಇರವನ್ನು ಹೇಳುತ್ತದೆ. ಅದೇ ಲೆನ್ಸಿನಲ್ಲಿ ಆ ಸಂಜೆ ಅಪ್ಪನ ಫೋಟೊ ತೆಗೆದೆ. ಹೊಸ ಕಣ್ಣಿಗೆ ಹಾಕಿದ್ದ ಕಪ್ಪು ಕನ್ನಡಕ ತೆಗೆದು, ಕಿಟಕಿ ಪಕ್ಕ ಕೂತು ನೇರ ಕ್ಯಾಮೆರಾ ನೋಡಿದರು. ನನ್ನ ಹತ್ತಿರ ಇರುವ ಅಪ್ಪನ ಫೋಟೊಗಳಲ್ಲಿ ಅದೇ ಚೆನ್ನಾಗಿದೆ.

ಊರಿಗೆ ಹೊರಡುವಾಗ ರಿಸರ್ವ್‌ನಲ್ಲಿದ್ದ ಒಂದು ಬಟ್ಟೆಯನ್ನು ಅಪ್ಪನ ಕನ್ನಡಕದ ಡಬ್ಬಿಯಲ್ಲಿಟ್ಟು ಕಳಿಸಿದೆ. ಈಗ ಪ್ರತಿ ಭಾನುವಾರ ಫೋನ್ ಮಾಡುತ್ತಾರೆ. ಊಟ ಆಯ್ತಾ ಅನ್ನೋದಕ್ಕಿಂತ ಮುಂಚೆ ಕೇಳುವ ಪ್ರಶ್ನೆ ಒಂದೇ:

"ಬಟ್ಟೆ ಒಗೆದ್ಯಾ?"