ಗಾಂಜಾ: ಔಷಧ ಯಾವುದು, ನಶೆ ಯಾವುದು?

“ಗಾಂಜಾ ಔಷಧವಂತೆ ಹಕೀಮ್ ಸಾಬ್, ಫಿಟ್ಸ್ ಬರುವ ಮಗನಿಗೆ ಕೊಡಬಹುದೇ?” ನವಲಗುಂದ, ಕುಂದಗೋಳ ಕಡೆಯ ತಾಯಂದಿರ ಪ್ರಶ್ನೆ ಇದು.

ಯುನಾನಿಯಲ್ಲಿ ಈ ಗಿಡಕ್ಕೆ ‘ಕಿನ್ನಬ್’ ಎನ್ನುತ್ತಾರೆ. ಹಳೆಯ ಹಕೀಮರಿಗೆ ಅದರ ಗುಣವೂ ಗೊತ್ತಿತ್ತು, ನಶೆಯೂ ಗೊತ್ತಿತ್ತು. 1985ರ ಮಾದಕ ವಸ್ತು ಕಾಯ್ದೆ ಗಾಂಜಾ, ಚರಸ್ ನಿಷೇಧಿಸಿದರೂ ಚಿಕಿತ್ಸೆ, ಸಂಶೋಧನೆಗೆ ಪರವಾನಗಿಯ ದಾರಿ ಬಿಟ್ಟಿದೆ. ಈ ಗಿಡದಿಂದ ಬೇರ್ಪಡಿಸಿದ, ನಶೆ ಏರಿಸದ ಕ್ಯಾನಬಿಡಿಯಾಲ್ ಔಷಧವನ್ನು 2018ರಲ್ಲಿ ಅಮೆರಿಕ ಎರಡು ಅಪರೂಪದ ತೀವ್ರ ಮೂರ್ಛೆರೋಗಗಳಿಗೆ ಒಪ್ಪಿತು. ಆದ್ದರಿಂದ ಸಂಶೋಧನೆ ನಡೆಯಲೇಬೇಕು.

ಆದರೆ ಕದ್ದು ಮಾರುವ ಪೊಟ್ಟಣ ಆ ಔಷಧವಲ್ಲ. ಅದರಲ್ಲಿ ನಶೆಯ ಅಂಶ ಎಷ್ಟೆಂದು ಮಾರುವವನಿಗೂ ತಿಳಿಯದು. ಬೆಳೆಯುವ ಮಿದುಳಿಗೆ ಅದು ಹಾನಿ. ಮಗನ ಮಾತ್ರೆ ಒಂದು ದಿನವೂ ತಪ್ಪಿಸಬೇಡಿ. ಮಾತ್ರೆಗೂ ಫಿಟ್ಸ್ ನಿಲ್ಲದಿದ್ದರೆ ಹುಬ್ಬಳ್ಳಿ-ಧಾರವಾಡದ ನರರೋಗ ತಜ್ಞರಿಗೆ ತೋರಿಸಿ.